ಮಗಳ ಚೀಸ್ ತರಕಾರಿ, ಅತ್ತೆಯ ಮುದ್ದೆ: ಎರಡಕ್ಕೂ ಒಂದೇ ಪಾತ್ರೆಯ ಕಾಳು

ಪ್ರಶ್ನೆ: ನಾವು ಚಿಂತಾಮಣಿ ಹತ್ತಿರದ ಹಳ್ಳಿಯವರು. ಮನೆಯಲ್ಲಿ ಐದು ಜನ: ಅತ್ತೆ, ನಾವಿಬ್ಬರು, ಕಾಲೇಜಿಗೆ ಹೋಗುವ ಮಗಳು, ಒಂಬತ್ತನೇ ಕ್ಲಾಸಿನ ಮಗ. ಮಗಳು ಬದನೆಕಾಯಿ, ದೊಣ್ಣೆ ಮೆಣಸಿನಕಾಯಿ, ಟೊಮೆಟೊ ಬೇಯಿಸಿ, ಮೇಲೆ ಚೀಸ್ ಕರಗಿಸಿ ಒಂದು ಅಡುಗೆ ಮಾಡುತ್ತಾಳೆ. ರುಚಿ ಎಲ್ಲರಿಗೂ ಹಿಡಿಸಿದೆ. ಆದರೆ ಅದನ್ನೇ ರಾತ್ರಿ ಊಟಕ್ಕೆ ಬಡಿಸಿದರೆ ಅತ್ತೆ, 'ಇದು ಪಲ್ಯ, ಊಟ ಎಲ್ಲಮ್ಮ?' ಅನ್ನುತ್ತಾರೆ. ಮಗ ಒಂದು ಗಂಟೆ ಕಳೆಯುವಷ್ಟರಲ್ಲಿ ಬಿಸ್ಕತ್ತಿನ ಡಬ್ಬ ಹುಡುಕುತ್ತಾನೆ. ಅತ್ತೆಗೆ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ. ಇದರ ಜೊತೆ ಏನಿಟ್ಟರೆ ಪೂರ್ತಿ ಊಟವಾಗುತ್ತದೆ? ಒಬ್ಬೊಬ್ಬರಿಗೆ ಒಂದೊಂದು ಅಡುಗೆ ಮಾಡುವಷ್ಟು ಹೊತ್ತು ನನಗಿಲ್ಲ.

ಉತ್ತರ: ನಿಮ್ಮ ಅತ್ತೆಯವರ ಮಾತಿನಲ್ಲಿ ಹುರುಳಿದೆ, ಮಗನ ಹಸಿವೂ ನಿಜವಾದದ್ದೇ. ಹಾಗಂತ ಮಗಳ ಅಡುಗೆಯನ್ನು ಬಿಡಬೇಕಾಗಿಲ್ಲ. ಅದಕ್ಕೆ ಕಾಳು ಸೇರಬೇಕು, ರಾಗಿಯೋ ಅಕ್ಕಿಯೋ ಒಂದು ಧಾನ್ಯ ಜೊತೆಗಿರಬೇಕು, ಬಾಯಿಗೆ ಹುಳಿಯಾಗಿ ಹಸಿಯದೊಂದು ಸಿಗಬೇಕು. ಇವುಗಳಲ್ಲಿ ಕಾಳಿಗೇ ನಾನು ಹೆಚ್ಚು ಮಹತ್ವ ಕೊಡುತ್ತೇನೆ. ಕಾಳು ಬೆಂದ ನೀರಿನಲ್ಲಿ ಅತ್ತೆಯವರ ಸಾರಾಗುತ್ತದೆ, ಬೆಂದ ಕಾಳು ಮಗಳ ಬಾಣಲೆಗೆ ಹೋಗುತ್ತದೆ. ನಮ್ಮ ಕಡೆ ಬಸ್ಸಾರು ಮಾಡುವವರಿಗೆ ಇದು ಹೊಸ ವಿದ್ಯೆಯಲ್ಲ. ಬಸಿದ ನೀರಿಗೆ (ಅದೇ ಕಟ್ಟು) ಮಸಾಲೆ ಹಾಕಿದರೆ ಸಾರು, ಉಳಿದ ಕಾಳು ತರಕಾರಿಗೆ ಒಗ್ಗರಣೆ ಹಾಕಿದರೆ ಪಲ್ಯ. ಆ ಪಲ್ಯದ ಜಾಗದಲ್ಲಿ ನಿಮ್ಮ ಮಗಳ ಅಡುಗೆಯನ್ನು ಕೂರಿಸಿದರೆ ಐದೂ ಜನರ ಊಟ ಒಂದೇ ಪಾತ್ರೆಯಿಂದ ಹೊರಡುತ್ತದೆ.

ಮೊದಲು ಮಗನ ಹಸಿವಿನ ಲೆಕ್ಕ ನೋಡೋಣ. ಅವನ ತಟ್ಟೆಗೆ 200 ಗ್ರಾಂ ತರಕಾರಿ, ಎರಡು ಸ್ಲೈಸ್ ಚೀಸ್, ಒಂದು ಟೀ ಚಮಚ ಎಣ್ಣೆ ಬಿದ್ದಿದೆ ಅಂದುಕೊಳ್ಳಿ. ಎಲ್ಲ ಸೇರಿ 250 ಕ್ಯಾಲೊರಿ ಆಸುಪಾಸು, ಪ್ರೋಟೀನು 11 ಗ್ರಾಂ ಹತ್ತಿರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ 13ರಿಂದ 15 ವಯಸ್ಸಿನ ಹುಡುಗನಿಗೆ ದಿನಕ್ಕೆ ಸುಮಾರು 2,860 ಕ್ಯಾಲೊರಿ, 45 ಗ್ರಾಂ ಪ್ರೋಟೀನು ಬೇಕು. ರಾತ್ರಿ ಊಟದಿಂದ ಅದರ ಮೂರನೇ ಒಂದು ಭಾಗ ಸಿಗಬೇಕು ಅಂದರೂ 900 ಕ್ಯಾಲೊರಿಯ ಮೇಲಾಯಿತು. ಅವನು ಬಿಸ್ಕತ್ತಿನ ಡಬ್ಬ ಹುಡುಕುವುದು ಚಪಲದಿಂದಲ್ಲ. ದಯವಿಟ್ಟು ಅವನನ್ನು ಗದರಬೇಡಿ.

ಇಂಥ ಹೊತ್ತಿನಲ್ಲಿ ಬಹಳಷ್ಟು ಮನೆಗಳಲ್ಲಿ ಮಾಡುವುದು ಒಂದೇ: ಚೀಸ್ ಇನ್ನಷ್ಟು ಸುರಿಯುವುದು. ಅದು ಬೇಡ. ಅಂಗಡಿಯಲ್ಲಿ ಸಿಗುವ ಸ್ಲೈಸು, ಕ್ಯೂಬುಗಳೆಲ್ಲ ಸಾಮಾನ್ಯವಾಗಿ ಸಂಸ್ಕರಿಸಿದ ಚೀಸ್. ಅದರ 100 ಗ್ರಾಂನಲ್ಲಿ ಸುಮಾರು 20 ಗ್ರಾಂ ಪ್ರೋಟೀನು, 25 ಗ್ರಾಂ ಕೊಬ್ಬು ಇರುತ್ತದೆ. ಸೋಡಿಯಂ ಒಂದು ಗ್ರಾಂ, ಎಷ್ಟೋ ಸಲ ಅದಕ್ಕೂ ಮೇಲೆ. ಒಂದು ಗ್ರಾಂ ಸೋಡಿಯಂ ಎಂದರೆ ಎರಡೂವರೆ ಗ್ರಾಂ ಉಪ್ಪು. ದೊಡ್ಡವರಿಗೆ ಇಡೀ ದಿನಕ್ಕೆ ಹೇಳುವ ಮಿತಿಯೇ 5 ಗ್ರಾಂ ಉಪ್ಪು. ಚೀಸಿನಿಂದಲೇ ಹೊಟ್ಟೆ ತುಂಬಿಸಲು ಹೋದರೆ ಉಪ್ಪೂ ಜಿಡ್ಡೂ ಏರುತ್ತವೆ, ನಾರು ಮಾತ್ರ ಒಂದು ಎಳೆಯಷ್ಟೂ ಸೇರುವುದಿಲ್ಲ. ಚೀಸನ್ನು ರುಚಿಗೆ ಇಟ್ಟುಕೊಳ್ಳಿ, ಹೊಟ್ಟೆ ತುಂಬಿಸುವ ಕೆಲಸವನ್ನು ಕಾಳಿಗೂ ರಾಗಿಗೂ ಬಿಡಿ.

ಈ ಬಗೆಯ ಅಡುಗೆಯ ತವರಿನಲ್ಲೂ ಇದನ್ನು ಒಂಟಿಯಾಗಿ ಬಡಿಸುವುದು ಕಡಿಮೆ. ದಕ್ಷಿಣ ಇಟಲಿಯಲ್ಲಿ ಬದನೆಕಾಯಿ ಹೋಳುಗಳನ್ನು ಕರಿದು, ಟೊಮೆಟೊ ಗೊಜ್ಜು ಮತ್ತು ಚೀಸಿನ ಜೊತೆ ಪದರ ಪದರವಾಗಿ ಜೋಡಿಸಿ ಓವನ್ನಿನಲ್ಲಿ ಬೇಯಿಸುತ್ತಾರೆ. 'ಪಾರ್ಮಿಜಾನಾ' ಅಂತ ಹೆಸರು. ನಿಮ್ಮ ಮಗಳ ಅಡುಗೆ ಹೆಚ್ಚುಕಡಿಮೆ ಅದರ ನಂಟಿನದು. ಅದರ ಗೊಜ್ಜನ್ನು ಬಳಿದುಕೊಳ್ಳಲು ಪಕ್ಕದಲ್ಲಿ ಬ್ರೆಡ್ಡು ಇರುತ್ತದೆ. ಸ್ವಿಟ್ಜರ್ಲೆಂಡಿನವರ 'ರಾಕ್ಲೆಟ್' ನನಗೆ ಇನ್ನೂ ಇಷ್ಟವಾದ ಉದಾಹರಣೆ. ಸಿಪ್ಪೆಸಮೇತ ಬೇಯಿಸಿದ ಆಲೂಗಡ್ಡೆಯ ಮೇಲೆ ಕರಗಿದ ಚೀಸ್ ಎಳೆದು ಹಾಕುತ್ತಾರೆ. ಪಕ್ಕಕ್ಕೆ ವಿನೆಗರಿನಲ್ಲಿ ನೆನೆದ ಮಿಡಿಸೌತೆ, ಪುಟ್ಟ ಈರುಳ್ಳಿ. ಆಲೂಗಡ್ಡೆ, ಮಿಡಿಸೌತೆ, ಪುಟ್ಟ ಈರುಳ್ಳಿ ಮೂರನ್ನೂ ನಮ್ಮ ಸೀಮೆಯ ರೈತರು ಬೆಳೆಯುತ್ತಾರೆ. ಇಲ್ಲಿನ ಮಿಡಿಸೌತೆ ಜಾಡಿ, ಡ್ರಮ್ಮುಗಳಲ್ಲಿ ಹೊರದೇಶಕ್ಕೆ ಹೋಗುತ್ತದೆ, ಚಿಕ್ಕಬಳ್ಳಾಪುರದ ಕಡೆಯ ಗುಲಾಬಿ ಬಣ್ಣದ ಸಣ್ಣ ಈರುಳ್ಳಿಯೂ ಹಡಗು ಹತ್ತುತ್ತದೆ. ಕರಗಿದ ಚೀಸಿನ ಜಿಡ್ಡಿಗೆ ಎದುರಾಗಿ ಹುಳಿ ಇರಲೇಬೇಕೆಂದು ಆ ಜನ ಕಂಡುಕೊಂಡಿದ್ದಾರೆ. ನಮ್ಮ ತಟ್ಟೆಗೂ ಆ ತಿಳಿವಳಿಕೆ ಒಪ್ಪುತ್ತದೆ.

ಈಗ ಅಡುಗೆಗೆ ಬರೋಣ. ಐದು ಜನಕ್ಕೆ 200 ಗ್ರಾಂ ಅಲಸಂದೆ ಕಾಳನ್ನು ಬೆಳಿಗ್ಗೆ ನೆನೆಹಾಕಿ ಕೆಲಸಕ್ಕೆ ಹೊರಡಿ. ಅಲಸಂದೆ ಇಲ್ಲವೆಂದರೆ ಹೆಸರುಕಾಳು, ಕಡಲೆಕಾಳು, ಒಣ ಅವರೆಕಾಳು ಯಾವುದಾದರೂ ನಡೆಯುತ್ತದೆ. ಸಂಜೆ ಅದನ್ನು ಧಾರಾಳ ನೀರಿನಲ್ಲಿ ಬೇಯಿಸಿ, ಮುಕ್ಕಾಲು ಬೆಂದಾಗ ಹುರುಳಿಕಾಯಿಯನ್ನೋ ನವಿಲುಕೋಸಿನ ಹೋಳನ್ನೋ ಒಂದು ಕಾಲು ಕೆ.ಜಿ. ಹಾಕಿ. ದೊಣ್ಣೆ ಮೆಣಸಿನಕಾಯಿಯನ್ನು ಮಾತ್ರ ಈ ನೀರಿಗೆ ಹಾಕಬೇಡಿ. ಅದರ ಘಾಟು ಸಾರನ್ನೆಲ್ಲ ಆವರಿಸಿಕೊಳ್ಳುತ್ತದೆ. ಬದನೆಕಾಯಿಯೂ ಬೇಡ, ಕಟ್ಟು ಕಪ್ಪಾಗುತ್ತದೆ. ಬೆಂದ ಮೇಲೆ ಬಸಿದು, ಕಟ್ಟನ್ನು ಒಂದು ಕಡೆ, ಕಾಳು ತರಕಾರಿಯನ್ನು ಇನ್ನೊಂದು ಕಡೆ ಇಡಿ.

ಕಟ್ಟಿಗೆ ನೀವು ಎಂದಿನಂತೆ ಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಸಾರಿನ ಪುಡಿ, ಹುಣಸೆಹಣ್ಣು, ಜೊತೆಗೆ ಒಂದು ಹಿಡಿ ಬೆಂದ ಕಾಳು ರುಬ್ಬಿ ಹಾಕಿ ಕುದಿಸಿ. ಇದು ನಿಮ್ಮ ಕೈಗೆ ಬಂದ ಕೆಲಸ, ನಾನು ಹೇಳಿಕೊಡಬೇಕಾಗಿಲ್ಲ.

ಮಗಳ ಬಾಣಲೆಯ ವಿಷಯಕ್ಕೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಈ ಅಡುಗೆ ಕೆಡುವುದು ಹೆಚ್ಚಾಗಿ ನೀರಿನಿಂದ. ಹಸಿ ಟೊಮೆಟೊ ಹೋಳು, ಹಸಿ ಬದನೆಕಾಯಿ ಒಟ್ಟಿಗೆ ಬಾಣಲೆಗೆ ಹಾಕಿ ಮೇಲೆ ಚೀಸ್ ಮುಚ್ಚಿದರೆ ತರಕಾರಿ ಬಿಟ್ಟ ನೀರಿನಲ್ಲಿ ಚೀಸ್ ತೇಲುತ್ತದೆ. ಮೊದಲು ಅರ್ಧ ಕೆ.ಜಿ. ಟೊಮೆಟೊವನ್ನು ಬೆಳ್ಳುಳ್ಳಿ, ಚೂರು ಖಾರದಪುಡಿ ಹಾಕಿ, ನೀರು ಹಾಕದೆ, ಸೌಟು ಎಳೆದರೆ ದಾರಿ ಉಳಿಯುವಷ್ಟು ಗಟ್ಟಿಯಾಗಿ ಗೊಜ್ಜು ಮಾಡಿಕೊಳ್ಳಲಿ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ದರ ಬಿದ್ದು ರೈತರು ಕಣ್ಣೀರಿಡುವ ದಿನಗಳು ನಿಮಗೂ ಗೊತ್ತು. ಆಗ ಪಕ್ಕದ ತೋಟದವರಿಂದಲೇ ಎರಡು ಮೂರು ಕೆ.ಜಿ. ಕೊಂಡು ಒಟ್ಟಿಗೆ ಗೊಜ್ಜು ಮಾಡಿ ಫ್ರಿಜ್ಜಿನಲ್ಲಿಟ್ಟರೆ ನಾಲ್ಕು ದಿನ ಕೆಡುವುದಿಲ್ಲ. ಫ್ರೀಜರಿನಲ್ಲಾದರೆ ಇನ್ನೂ ಬಹಳ ದಿನ ಬರುತ್ತದೆ. ಗೊಜ್ಜು ಸಿದ್ಧವಿದ್ದ ದಿನ ಈ ಊಟದ ಅರ್ಧ ಕೆಲಸ ಮುಗಿದಂತೆ.

ಬದನೆಕಾಯಿಯನ್ನು ಬಿಲ್ಲೆಗಳಾಗಿ ಕೊಯ್ದು ದೋಸೆ ಕಾವಲಿಯ ಮೇಲೆ ಒಂದೆರಡು ಚಮಚ ಎಣ್ಣೆಯಲ್ಲಿ ಎರಡೂ ಕಡೆ ಕೆಂಪಗೆ ಸುಡಬೇಕು. ಕರಿಯಲು ಹೋದರೆ ಅದು ಎಣ್ಣೆ ಕುಡಿಯುತ್ತದೆ. ದೊಣ್ಣೆ ಮೆಣಸಿನಕಾಯಿಯೂ ಅದೇ ಕಾವಲಿಯಲ್ಲಿ ಎರಡು ನಿಮಿಷ ಬಾಡಲಿ, ಪೂರ್ತಿ ಮೆತ್ತಗಾಗುವುದು ಬೇಡ. ಎರಡೂ ಸೇರಿ ಅರ್ಧ ಕೆ.ಜಿ. ಸಾಕು. ನಂತರ ದಪ್ಪ ತಳದ ಅಗಲ ಬಾಣಲೆಯಲ್ಲಿ ಬಸಿದಿಟ್ಟ ಕಾಳು ತರಕಾರಿಯನ್ನು ಅರ್ಧ ಗೊಜ್ಜಿನೊಂದಿಗೆ ಬೆರೆಸಿ ಹರಡಿ. ಅದರ ಮೇಲೆ ಬದನೆ, ಮೆಣಸಿನಕಾಯಿ. ಅದರ ಮೇಲೆ ಉಳಿದ ಗೊಜ್ಜು, ಪುಡಿಮಾಡಿದ ಪನೀರು. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ. ಕೊನೆಗೆ ಎರಡು ಕ್ಯೂಬ್ ಚೀಸನ್ನು ಸಣ್ಣಗೆ ತುರಿದು ಉದುರಿಸಿ, ಉರಿ ಆರಿಸಿ, ಮತ್ತೆ ಮುಚ್ಚಿ. ಒಳಗಿನ ಹಬೆಗೇ ಅದು ಕರಗುತ್ತದೆ, ಓವನ್ ಬೇಕಾಗಿಲ್ಲ. ಚೀಸ್ ಹಾಕಿದ ಮೇಲೂ ಉರಿಯ ಮೇಲಿಟ್ಟರೆ ಎಣ್ಣೆ ಬಿಟ್ಟುಕೊಂಡು ರಬ್ಬರಿನಂತಾಗುತ್ತದೆ. ಚೀಸನ್ನು ಹತ್ತು ನಿಮಿಷ ಫ್ರೀಜರಿನಲ್ಲಿಟ್ಟು ತುರಿದರೆ ಉದುರುದುರಾಗಿ ಬರುತ್ತದೆ, ಸ್ವಲ್ಪವೇ ಇದ್ದರೂ ಬಾಣಲೆಯ ತುಂಬ ಹರಡುತ್ತದೆ.

ಪನೀರು ಯಾಕೆ ಅಂತ ಕೇಳಬಹುದು. ಮನೆಯಲ್ಲಿ ಮಾಡಿದ ಪನೀರಿಗೆ ಉಪ್ಪು ಹಾಕಿರುವುದಿಲ್ಲ, ಪ್ರೋಟೀನು ಮಾತ್ರ ಹೆಚ್ಚುಕಡಿಮೆ ಚೀಸಿನಷ್ಟೇ: 100 ಗ್ರಾಂಗೆ 18 ಗ್ರಾಂ ಹತ್ತಿರ. ನಿಮ್ಮದು ಊರಲ್ಲೇ ಡೈರಿ ಇರುವ ಸೀಮೆ, ಹಾಲಿಗೆ ಬರವಿಲ್ಲ. ಒಂದು ಲೀಟರು ಹಸುವಿನ ಹಾಲು ಕಾಯಿಸಿ, ಉಕ್ಕಿದ ಮೇಲೆ ಉರಿ ಆರಿಸಿ, ಎರಡು ಚಮಚ ನಿಂಬೆರಸಕ್ಕೆ ಅಷ್ಟೇ ನೀರು ಬೆರೆಸಿ ಸ್ವಲ್ಪಸ್ವಲ್ಪವಾಗಿ ಹಾಕುತ್ತ ಬನ್ನಿ. ತಿಳಿ ಹಸಿರು ನೀರು ಬೇರೆಯಾದ ಕೂಡಲೇ ಹುಳಿ ನಿಲ್ಲಿಸಿ. ಬಟ್ಟೆಯಲ್ಲಿ ಸೋಸಿದರೆ 150 ಗ್ರಾಂ ಆಸುಪಾಸು ಪನೀರು ಸಿಗುತ್ತದೆ, ತಟ್ಟೆಗೆ 30 ಗ್ರಾಂ ಬರುತ್ತದೆ. ಹುಳಿ ಹಾಕಿ, ಬಿಸಿಯಲ್ಲಿ ಒಡೆದದ್ದರಿಂದ ಪನೀರು ಚೀಸಿನಂತೆ ಕರಗುವುದಿಲ್ಲ. ಆದ್ದರಿಂದಲೇ ಕೆಳಗೆ ಪನೀರು, ಮೇಲೆ ತೆಳ್ಳಗೆ ಚೀಸ್. ಹಾಲೊಡೆದ ನೀರನ್ನು ಚೆಲ್ಲಬೇಡಿ. ಅದನ್ನೇ ಕುದಿಸಿ ರಾಗಿ ಹಿಟ್ಟು ಕಲಸಿ, ರೊಟ್ಟಿ ಮೆತ್ತಗೆ ಬರುತ್ತದೆ.

ಅಂಗಡಿಯಲ್ಲಿ ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಪಾಮ್ ಎಣ್ಣೆ, ಖಾದ್ಯ ಸಸ್ಯಜನ್ಯ ಎಣ್ಣೆ ಅಂತಿದ್ದರೆ ಅದು ಅನಲಾಗ್ ಪನೀರು ಅಥವಾ ಅನಲಾಗ್ ಚೀಸ್, ಹಾಲಿನ ಕೊಬ್ಬಿನ ಬದಲು ಎಣ್ಣೆಯಿಂದ ಮಾಡಿದ್ದು. ಅಗ್ಗಕ್ಕೆ ಸಿಗುತ್ತದೆ ಅಂತ ಅದನ್ನು ತರಬೇಡಿ. ಎಳೆ ಎಳೆಯಾಗಿ ಬರಬೇಕೆಂದು ಮಕ್ಕಳು ಹಠ ಹಿಡಿದರೆ ಮೊಝರೆಲ್ಲಾ ತನ್ನಿ, ಅದರಲ್ಲಿ ಉಪ್ಪೂ ಸಂಸ್ಕರಿಸಿದ ಚೀಸಿಗಿಂತ ಸಾಮಾನ್ಯವಾಗಿ ಕಡಿಮೆ. ಅತ್ತೆಯವರು ಸಸ್ಯಾಹಾರಿಗಳಾಗಿದ್ದರೆ ಹಸಿರು ಚುಕ್ಕೆ ನೋಡಿ ಕೊಳ್ಳಿ. ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್ ಪ್ರಾಣಿಮೂಲದ್ದೂ ಇರಬಹುದು, ಸೂಕ್ಷ್ಮಜೀವಿಗಳಿಂದ ತೆಗೆದದ್ದೂ ಇರಬಹುದು. ಹಸಿರು ಚುಕ್ಕೆಯಿದ್ದರೆ ಆ ಅನುಮಾನ ಬೇಡ.

ಬಡಿಸುವ ಮಾತು. ಮುದ್ದೆಗೆ ಕರಗಿದ ಚೀಸನ್ನು ಜೋಡಿಸಲು ಹೋಗಬೇಡಿ, ನನ್ನ ಮಟ್ಟಿಗೆ ಅದು ಹೊಂದುವುದಿಲ್ಲ. ಮುದ್ದೆ ಸಾರಿನಲ್ಲಿ ಅದ್ದಿ ನುಂಗುವಂಥದ್ದು, ಚೀಸ್ ಅಗಿಯುವಂಥದ್ದು. ಅತ್ತೆಯವರು 'ಊಟ ಎಲ್ಲಿ' ಅಂದಾಗ ಅವರಿಗೆ ಕಾಣದೆ ಹೋದದ್ದು ಈ ನುಂಗಿಸುವ ಸಾರು. ಅವರಿಗೆ ಮುದ್ದೆ, ಬಸ್ಸಾರು, ಪಕ್ಕದಲ್ಲಿ ಪಲ್ಯದ ಜಾಗಕ್ಕೆ ಬಾಣಲೆಯ ತರಕಾರಿ. ಮಕ್ಕಳಿಗೆ ರಾಗಿ ರೊಟ್ಟಿ, ಅದರೊಳಗೆ ಅದೇ ತರಕಾರಿ, ಬಟ್ಟಲಿನಲ್ಲಿ ಸಾರು. ನಿಮ್ಮಿಬ್ಬರಿಗೆ ಯಾವುದು ಹಿತವೋ ಅದು. ರೊಟ್ಟಿ ಬಡಿಯಲು ಆಗದ ದಿನ ಬಿಸಿ ಅನ್ನವೂ ಸರಿ. ಬ್ರೆಡ್ಡೇ ಬೇಕೆಂದರೆ ಬೇಡವೆನ್ನುವುದಿಲ್ಲ, ಆದರೆ ಮನೆಯಲ್ಲಿ ರಾಗಿ ಇರುವಾಗ ಮೈದಾ ಬ್ರೆಡ್ಡಿನ ಹಂಗೇಕೆ? ರಾಗಿಯ 100 ಗ್ರಾಂನಲ್ಲಿ 340 ಮಿಲಿಗ್ರಾಂಗೂ ಮೇಲೆ ಸುಣ್ಣದಂಶವಿದೆ, ಮೈದಾದಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ.

ಬಾಣಲೆಯನ್ನೇ ಊಟದ ಜಾಗಕ್ಕೆ ತಂದಿಟ್ಟು ಎಲ್ಲರೂ ಕೂತ ಮೇಲೆ ಮುಚ್ಚಳ ತೆಗೆಯಿರಿ. ಚೀಸ್ ತಣ್ಣಗಾದರೆ ಚರ್ಮದಂತೆ ಬಿಗಿಯುತ್ತದೆ. ಮೊದಲು ರೊಟ್ಟಿ, ಮುದ್ದೆ, ಸಾರು ಎಲ್ಲ ಬಡಿಸಿಟ್ಟು, ತರಕಾರಿಯನ್ನು ಕಡೆಯಲ್ಲಿ ಹಾಕಿ. ಮೇಲಿನ ಚೀಸ್ ಮಾತ್ರ ಕೆರೆದುಕೊಳ್ಳಲು ಬಿಡದೆ, ತಳದ ಕಾಳಿನವರೆಗೂ ಸೌಟು ಇಳಿಸಿ ತೆಗೆಯಿರಿ.

ಹುಳಿಗೆ ಒಂದು ಕೋಸಂಬರಿ ಸಾಕು. ಸೌತೆಕಾಯಿ ಅಥವಾ ಕ್ಯಾರೆಟ್ ತುರಿ, ನೆನೆದ ಹೆಸರುಬೇಳೆ, ನಿಂಬೆಹಣ್ಣು. ಅದೂ ಬೇಡವೆಂದ ದಿನ ಸಣ್ಣ ಈರುಳ್ಳಿಯನ್ನು ಸೀಳಿ ನಿಂಬೆರಸದಲ್ಲಿ ಅರ್ಧ ಗಂಟೆ ಬಿಟ್ಟರೆ ಬಣ್ಣವೂ ಚೆನ್ನ, ರುಚಿಯೂ ಚೆನ್ನ. ಉಪ್ಪಿನಕಾಯಿ ಬೇಡ, ಚೀಸಿನಲ್ಲೇ ಉಪ್ಪಿದೆ. ಕಾಳು ನೆನೆಹಾಕಲು ಮರೆತ ದಿನವೂ ಈ ಕೋಸಂಬರಿ ಕೈಹಿಡಿಯುತ್ತದೆ: ಹೆಸರುಬೇಳೆಯನ್ನು ದುಪ್ಪಟ್ಟು ಮಾಡಿ, ಸಾರು ಬಿಟ್ಟು, ರೊಟ್ಟಿಯ ಜೊತೆ ಹುಚ್ಚೆಳ್ಳು ಚಟ್ನಿಪುಡಿ ಇಟ್ಟರೆ ಅದೂ ಪೂರ್ತಿ ಊಟವೇ.

ಇಷ್ಟೆಲ್ಲ ಸೇರಿದ ತಟ್ಟೆಯಲ್ಲಿ ಏನಿದೆ ಅಂತ ಲೆಕ್ಕ ಹಾಕಿದರೆ: ಕಾಳಿನಿಂದ 8–9 ಗ್ರಾಂ ಪ್ರೋಟೀನು, ಎರಡು ರಾಗಿ ರೊಟ್ಟಿಯಿಂದ 5–6, ಪನೀರಿನಿಂದ 5, ಚೀಸಿನಿಂದ 2, ತರಕಾರಿಯಿಂದ 2–3. ಒಟ್ಟು 24 ಗ್ರಾಂ ಹತ್ತಿರ. 60 ಕೆ.ಜಿ. ತೂಕದವರಿಗೆ ದಿನಕ್ಕೆ ಬೇಕಾದದ್ದು 50 ಗ್ರಾಂ, ಅದರಲ್ಲಿ ಅರ್ಧ ಇಲ್ಲೇ ಬಂತು. ಕ್ಯಾಲೊರಿ 700ರ ಆಸುಪಾಸು. ಮಗನಿಗೆ ಮೂರನೇ ರೊಟ್ಟಿ ಹಾಕಿ, ಊಟದ ಮೇಲೆ ಒಂದು ಬಾಳೆಹಣ್ಣು ಕೊಡಿ, ಬಿಸ್ಕತ್ತಿನ ಡಬ್ಬ ಅದರ ಜಾಗದಲ್ಲೇ ಇರುತ್ತದೆ.

ಅತ್ತೆಯವರ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ರಾಗಿ ತಿಂದರೆ ಸಕ್ಕರೆ ಏರುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಏರುತ್ತದೆ. ರಾಗಿಯಲ್ಲೂ ಮುಕ್ಕಾಲುಪಾಲು ಪಿಷ್ಟವೇ, ನುಣ್ಣಗೆ ಬೀಸಿದ ಹಿಟ್ಟಿನ ಮುದ್ದೆ ಬೇಗ ಅರಗುತ್ತದೆ. ಎರಡು ಮುದ್ದೆ ತಿನ್ನುವವರಾಗಿದ್ದರೆ ಒಂದಕ್ಕೆ ಇಳಿಸಿ, ಕಾಳು ತರಕಾರಿಯನ್ನು ಹೆಚ್ಚಿಸಿ. ಮೊದಲು ಕೋಸಂಬರಿ, ಬಾಣಲೆಯ ಕಾಳು ತರಕಾರಿ ತಿಂದು ಆಮೇಲೆ ಮುದ್ದೆಗೆ ಕೈಹಾಕಿದರೆ ಊಟದ ನಂತರದ ಸಕ್ಕರೆ ಏರಿಕೆ ತಗ್ಗುತ್ತದೆ. ಆದರೆ ಅವರು ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆಯಲ್ಲಿದ್ದರೆ ಮುದ್ದೆಯನ್ನು ಒಮ್ಮೆಲೇ ಕಡಿಮೆ ಮಾಡಬೇಡಿ, ಸಕ್ಕರೆ ವಿಪರೀತ ಇಳಿದು ತಲೆಸುತ್ತು ಬರಬಹುದು. ನೋಡುವ ಡಾಕ್ಟರಿಗೆ ಒಂದು ಮಾತು ಹೇಳಿ ಮಾಡಿ. ಬಿ.ಪಿ. ಇರುವುದರಿಂದ ಬಾಣಲೆಯ ಒಂದು ಮೂಲೆಗೆ ಚೀಸ್ ಉದುರಿಸದೆ ಬಿಡಿ, ಅಲ್ಲಿ ಪನೀರು ಮಾತ್ರ ಇರಲಿ. ಗೊಜ್ಜಿಗೆ ಉಪ್ಪನ್ನೇ ಹಾಕಬೇಡಿ, ಉಳಿದವರಿಗೆ ಚೀಸಿನ ಉಪ್ಪು ಸಾಕಾಗುತ್ತದೆ. ಸಾರಿನ ಉಪ್ಪನ್ನೂ ಹಿಡಿತದಲ್ಲಿಡಿ. ದಿನವೂ ಎರಡೆರಡು ಸೌಟು ಹೋಗುವುದು ಅದೇ. ಮೂತ್ರಪಿಂಡದ ತೊಂದರೆ ಇದೆಯೆಂದು ಯಾರಾದರೂ ಹೇಳಿದ್ದರೆ ಮೇಲಿನ ಪ್ರೋಟೀನಿನ ಲೆಕ್ಕ ಅವರಿಗೆ ಅನ್ವಯಿಸುವುದಿಲ್ಲ. ಕಾಳು, ಪನೀರು ಎಷ್ಟೆಂದು ಡಾಕ್ಟರೇ ಹೇಳಬೇಕು, ಸಂಸ್ಕರಿಸಿದ ಚೀಸನ್ನು ಪೂರ್ತಿ ಬಿಡಬೇಕು. ಅದನ್ನು ನುಣ್ಣಗೆ ಕರಗುವಂತೆ ಮಾಡಲು ಫಾಸ್ಫೇಟ್ ಲವಣ ಸೇರಿಸಿರುವುದುಂಟು.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ನಿಮ್ಮ ಮತ್ತು ಮಗಳ ರಕ್ತದ ಬಗ್ಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಕಂಡುಬಂದಿದೆ. ಹಾಲು, ಚೀಸಿನಲ್ಲಿ ಕಬ್ಬಿಣದಂಶ ಇಲ್ಲವೆನ್ನುವಷ್ಟು ಕಡಿಮೆ, ಮೇಲಾಗಿ ಅದರ ಸುಣ್ಣದಂಶ ಅದೇ ಊಟದ ಕಬ್ಬಿಣವನ್ನು ಮೈಗೆ ಹತ್ತದಂತೆ ತಡೆಯುತ್ತದೆ. ಟೊಮೆಟೊ, ದೊಣ್ಣೆ ಮೆಣಸಿನಕಾಯಿ, ನಿಂಬೆಯ ಸಿ ಜೀವಸತ್ವ ಅದನ್ನು ಸ್ವಲ್ಪ ಸರಿದೂಗಿಸುತ್ತದೆ, ಕೋಸಂಬರಿಗೆ ನಿಂಬೆ ಹಿಂಡಿ ಅಂದದ್ದು ಅದಕ್ಕೂ ಸೇರಿಯೇ. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಚೀಸ್ ಊಟದ ಜೊತೆ ನುಂಗಬೇಡಿ, ಎರಡು ಗಂಟೆ ಅಂತರವಿರಲಿ. ಊಟವಾದ ಕೂಡಲೇ ಕಾಫಿ, ಟೀ ಬೇಡ. ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಈ ಚೀಸ್ ಊಟ ಮಾಡದೆ, ಉಳಿದ ದಿನಗಳಲ್ಲಿ ಮಸ್ಸೊಪ್ಪು, ಹುರುಳಿಕಾಳಿನ ಸಾರು ಎಂದಿನಂತೆ ನಡೆಯಲಿ.

ಅವರೆಕಾಯಿ ಕಾಲ ಬಂದಾಗ, ಡಿಸೆಂಬರ್ ಜನವರಿಯಲ್ಲಿ, ಅಲಸಂದೆಯ ಬದಲು ಸೊಗಡಿನ ಅವರೆಯ ಹಿದುಕಿದ ಬೇಳೆ ಹಾಕಿ ನೋಡಿ. ಆಗ ಚೀಸನ್ನು ಅರ್ಧಕ್ಕೆ ಇಳಿಸಬೇಕು, ಇಲ್ಲದಿದ್ದರೆ ಆ ಸೊಗಡು ಸಿಗುವುದೇ ಇಲ್ಲ. ಆ ತಿಂಗಳುಗಳಲ್ಲಿ ನಾನಾದರೆ ಚೀಸನ್ನೇ ಬಿಟ್ಟು ಪನೀರಷ್ಟೇ ಹಾಕುತ್ತೇನೆ.

ಬಾಣಲೆಯಲ್ಲಿ ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮರುದಿನ ಬೆಳಿಗ್ಗೆ ಹಬೆಯಾಡುವಷ್ಟು ಬಿಸಿಮಾಡಿ, ದೋಸೆಯೊಳಗಿಟ್ಟು ಮಡಚಿ ಮಗನ ಟಿಫನ್ ಡಬ್ಬಿಗೆ ಹಾಕಬಹುದು. ಎರಡನೇ ಸಲ ಬಿಸಿಮಾಡಿ ಉಳಿಸಬೇಡಿ. ಸಾರು ಉಳಿದರೆ ಅದು ನಿಮಗೆ ಗೊತ್ತಿದ್ದದ್ದೇ, ಬಸ್ಸಾರು ಮರುದಿನಕ್ಕೇ ರುಚಿ. ರಾತ್ರಿ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಚೆನ್ನಾಗಿ ಕುದಿಸಿ ಬಡಿಸಿ.